ಗಾಳಿ ಹುಡುಕುತ್ತಿದ್ದ ಅಮ್ಮಾರು

೧೯೯೬ರಲ್ಲಿ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ತೋಳಲ್ಲಿ ಕಸುವಿತ್ತು, ಕಂಪ್ಲಿಯಲ್ಲಿ ಅಕ್ಕಿ ಮಿಲ್ಲುಗಳಿದ್ದವು. ಚೀಲ ಹೊರಲು ಹೋದ ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದು ಮಿಲ್ಲಿನ ಒಡತಿಯ ಎಡಗೈ. ಹಸಿರು ಬಳೆಗಳ ನಡುವೆ ಚೀಲ ಹೊಲಿಯುವ ಬಿಳಿ ದಾರದ ಒಂದು ಗೇಣು ತುಂಡು ಸಿಕ್ಕಿಸಿಕೊಂಡಿದ್ದರು. ಕೈಮೇಲೆ, ಹುಬ್ಬಿನ ಮೇಲೆ, ಎಲ್ಲೆಲ್ಲೂ ತೌಡಿನ ಪುಡಿ. ಪೇಟೆಯ ವ್ಯಾಪಾರ ಅವರ ಯಜಮಾನರದು, ಮಿಲ್ಲಿನ ಒಳಗಿನದೆಲ್ಲ ಇವರದು. ಹಮಾಲರು, ಭತ್ತ ತರುವ ರೈತರು, ಎಲ್ಲರಿಗೂ ಅವರು ಅಮ್ಮಾರು.

ಆ ದಾರ ಯಾಕೆಂದು ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ಮಿಲ್ಲಿನಲ್ಲಿ ಉಮಿಯನ್ನು ಗಾಳಿಯಿಂದ ಎಳೆದು ಹೊರಗೆ ಹಾಕುವ ತಗಡಿನ ದೊಡ್ಡ ಕೊಳವೆ ಇರುತ್ತದೆ. ಅದು ಎಲ್ಲಾದರೂ ಸೀಳಿದರೆ ಹೊರಗಿನ ಗಾಳಿ ಅಲ್ಲಿಂದ ನುಗ್ಗಿ, ಎಳೆತ ಕಮ್ಮಿಯಾಗಿ, ಅಕ್ಕಿಯಲ್ಲಿ ಉಮಿ ಉಳಿಯುತ್ತದೆ. ಅಂಥ ದಿನ ಅಮ್ಮಾರು ಸೆರಗು ಬಿಗಿದು, ಏಣಿ ಹತ್ತಿ, ಕೊಳವೆಯ ಪಕ್ಕದಲ್ಲಿ ದಾರ ಇಳಿಬಿಟ್ಟುಕೊಂಡು ಮೆಲ್ಲಗೆ ಸಾಗುತ್ತಿದ್ದರು. ನಮ್ಮ ಕಣ್ಣಿಗೆ ಕಾಣದ ಸೀಳಿನ ಹತ್ತಿರ ಬಂದೊಡನೆ ದಾರದ ತುದಿ ಸರಕ್ಕನೆ ತಗಡಿಗೆ ಅಂಟಿಕೊಳ್ಳುತ್ತಿತ್ತು.

“ಇಲ್ಲಿ ಅದಾನ ನೋಡ್ರಿ ಕಳ್ಳ,” ಎಂದು ಇಳಿದು ಬರುತ್ತಿದ್ದರು.

ಒಂದು ಕಾಳು ಭತ್ತ ಹಲ್ಲಿನಲ್ಲಿ ಕಡಿದು, “ಇದಕ್ಕ ಇನ್ನೊಂದು ಬಿಸಲು ಬೇಕ್ರೀ ಗೌಡ್ರ” ಎಂದರೆ ರೈತ ರಾಶಿಯನ್ನು ಮತ್ತೆ ಹರವುತ್ತಿದ್ದ. ನಾನು ಜಂಬಕ್ಕೆ ಎರಡು ಚೀಲ ಒಟ್ಟಿಗೆ ಹೊತ್ತರೆ, “ಲೇ ತಮ್ಮಾ, ಒಂದೊಂದ ಹೊರು. ನಿನ್ನ ಬೆನ್ನಿಗೆ ಸ್ಪೇರ್ ಪಾರ್ಟ್ ಸಿಗಂಗಿಲ್ಲ” ಎನ್ನುತ್ತಿದ್ದರು.

ಅವರ ಮಿಲ್ಲಿನ ಲಾರಿಯಲ್ಲೇ ಡ್ರೈವಿಂಗ್ ಕಲಿತೆ. ವರ್ಷಗಟ್ಟಲೆ ದುಡಿದು ಒಂದು ಹಳೆಯ ಪೆಟ್ರೋಲ್ ಕಾರು ಕೊಂಡೆ. ಹೊಸಪೇಟೆಯ ಒಂದು ಲಾಡ್ಜಿನವರು ತಮ್ಮ ಗಿರಾಕಿಗಳನ್ನು ಹಂಪಿ ತೋರಿಸಲು ನನಗೇ ಒಪ್ಪಿಸುತ್ತಿದ್ದರು. ನನ್ನ ಸಂಸಾರ ನಡೆಯುತ್ತಿದ್ದದ್ದು ಆ ಒಂದು ಕೆಲಸದ ಮೇಲೆ. ನಮ್ಮ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ.

“ಮಿಲ್ಲಿನ ಶೆಡ್ಡಿನಾಗ ನಿಲ್ಸು,” ಎಂದರು ಅಮ್ಮಾರು.

“ಬಾಡಿಗಿ ಎಷ್ಟು ಕೊಡ್ಲಿರಿ?”

“ಅದೇನು ಊಟ ಕೇಳ್ತೈತೇನು? ಸುಮ್ನ ನಿಲ್ಸು.”

ಮುಂದಿನ ವರ್ಷ ಆ ಕಾರಿಗೆ ಒಂದು ಕಾಟ ಶುರುವಾಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಇಂಜಿನ್ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಭೋರೆನ್ನುತ್ತಲೇ ಇದ್ದು, ಆಮೇಲೆ ಒಲ್ಲದ ಮನಸ್ಸಿನಿಂದ ತುಸು ಇಳಿಯುತ್ತಿತ್ತು, ಮೊದಲಿನ ಸಣ್ಣ ಸದ್ದಿಗೆ ಮಾತ್ರ ಬರುತ್ತಿರಲಿಲ್ಲ. ಹಂಪಿಯಲ್ಲಿ ಒಮ್ಮೆ ದನ ಅಡ್ಡ ಬಂದಾಗ ಕಾಲು ತೆಗೆದರೂ ಗಾಡಿ ಮುಂದಕ್ಕೇ ನೂಕಿತು. ಬ್ರೇಕ್ ಒತ್ತಿ ನಿಲ್ಲಿಸಿದೆ. ಹಿಂದೆ ಕೂತಿದ್ದ ವಯಸ್ಸಾದ ತಾಯಿ ಇಳಿದುಬಿಟ್ಟರು, ಮತ್ತೆ ಹತ್ತಲಿಲ್ಲ. ಲಾಡ್ಜಿನ ಮ್ಯಾನೇಜರು, “ಸೋಮವಾರದೊಳಗ ಸರಿ ಮಾಡಿಸ್ರಿ. ಇಲ್ಲಂದ್ರ ಬ್ಯಾರೆ ಗಾಡಿ ನೋಡ್ಕೊಂತೀವಿ” ಎಂದರು. ನನ್ನ ಗೆಳೆಯನಾದ ಮೆಕ್ಯಾನಿಕ್ ಕೇಬಲ್ ಬದಲಿಸಿದ, ಗಾಳಿ ಒಳಗೆ ಬಿಡುವ ಥ್ರಾಟಲನ್ನು ತೊಳೆದ. ಜಗ್ಗಲಿಲ್ಲ. ಇನ್ನು ಆ ಭಾಗವನ್ನೇ ಬದಲಿಸಬೇಕು, ಅದು ಹುಬ್ಬಳ್ಳಿಯಿಂದ ಬರಬೇಕು, ವಾರ ಆಗುತ್ತದೆ ಎಂದ. ಅಂದು ಶನಿವಾರ.

ಮಧ್ಯಾಹ್ನ ಊಟಕ್ಕೆ ಮಿಲ್ಲು ನಿಂತಿತ್ತು. ಶೆಡ್ಡಿನಲ್ಲಿ ಇಂಜಿನ್ ರೇಸ್ ಮಾಡಿ ಬಿಡುತ್ತಾ, ಮಾಡಿ ಬಿಡುತ್ತಾ ಕೂತಿದ್ದೆ. ಅಮ್ಮಾರು ಕೈ ತೊಳೆದು ಬಂದು ಚೀಲದ ಕಟ್ಟಿನ ಮೇಲೆ ಕುಳಿತರು.

“ಯಾಕ ಹಂಗ ಒದರಸ್ತಿ ಅದನ್ನ?”

ಹೇಳಿದೆ. ಅವರು ಕಣ್ಣು ಮುಚ್ಚಿ, “ಇನ್ನೊಮ್ಮಿ ಬಿಡು” ಎಂದರು. ಬಿಟ್ಟೆ. ಸದ್ದಿಗೆ ಕಿವಿಗೊಟ್ಟರು. “ಯಾವಾಗಿಂದ ಹಿಂಗ?”

“ಹೊಸ ಭತ್ತ ಬಂದಾಗಿಂದ್ರಿ.”

“ಕಾಲು ತೆಗದ ಮ್ಯಾಲೂ ಉಸುರು ಎಲ್ಲಿಂದ ತೊಗೊಂತೈತಿ ಇದು? ಎಲ್ಲೋ ಕಳ್ಳಗಾಳಿ ಕುಡ್ಯಾಕತ್ತೈತಿ. ಬಾಯಿ ತಗಿ ಇದರದು.”

ಬಾನೆಟ್ ಎತ್ತಿದೆ. ಜೀವಮಾನದಲ್ಲಿ ಸ್ಟೇರಿಂಗ್ ಮುಟ್ಟದ ಹೆಂಗಸು ಸೆರಗು ಬಿಗಿದು, ಬಳೆಯಿಂದ ದಾರ ಎಳೆದುಕೊಂಡರು. ಮುಂದಿನ ಫ್ಯಾನಿನ ಗಾಳಿಗೆ ದಾರ ಹಾರಾಡಿತು. “ಇದು ನಿಲ್ಲೂತನಕ ತಡಿ,” ಎಂದರು. ಇಂಜಿನ್ ಓಡುತ್ತಲೇ ಇತ್ತು. ಫ್ಯಾನ್ ತಾನಾಗಿ ನಿಂತ ಮೇಲೆ ಒಂದೊಂದೇ ರಬ್ಬರ್ ಪೈಪಿನ ಗುಂಟ ದಾರ ಇಳಿಬಿಟ್ಟು ನಡೆದರು. ತಗಡಿನ ಕೊಳವೆಯ ಹತ್ತಿರ ಹೇಗೋ, ಇಲ್ಲೂ ಹಾಗೇ. ಆತುರವಿಲ್ಲ, ಅನುಮಾನವೂ ಇಲ್ಲ. ಇಂಜಿನ್ನಿನ ಹಿಂಬದಿಗೆ, ಕೈ ಹೋಗದ ಸಂದಿಗೆ ಬಂದಾಗ ದಾರದ ತುದಿ ಒಮ್ಮೆ ನಡುಗಿ, ಬೆರಳು ದಪ್ಪದ ಒಂದು ಪೈಪಿನ ಅಡಿಗೆ ಸರಕ್ಕನೆ ಅಂಟಿಕೊಂಡಿತು.

ಅಮ್ಮಾರು ಸೆರಗಿನ ತುದಿ ಸುತ್ತಿದ ಹೆಬ್ಬೆರಳನ್ನು ಅಲ್ಲಿ ಒತ್ತಿದರು. ಅಲ್ಲಿಯವರೆಗೂ ಏರಿಯೇ ಇದ್ದ ಇಂಜಿನ್, ಹಾಲು ಕುಡಿದ ಕೂಸಿನಂತೆ, ತನ್ನ ಹಳೆಯ ಸಣ್ಣ ಸದ್ದಿಗೆ ಇಳಿಯಿತು. ಬೆರಳು ತೆಗೆದರು, ಏರಿತು. ಒತ್ತಿದರು, ಇಳಿಯಿತು. ಎಷ್ಟೋ ಇಂಜಿನ್ ನೋಡಿದ್ದೇನೆ, ಬೆರಳಿನ ಮಾತು ಕೇಳಿದ್ದನ್ನು ಅಂದೇ ನೋಡಿದ್ದು.

ಪೈಪಿನ ಅಡಿಯಲ್ಲಿ ಇಲಿಯ ಹಲ್ಲಿನ ಗುರುತಿತ್ತು. ಪಕ್ಕದಲ್ಲೇ ಹೊಸ ಉಮಿಯ ಗೂಡು.

“ನಮ್ಮ ಮಿಲ್ಲಿನ ಇಲಿ, ತಮ್ಮಾ,” ಎಂದು ನಕ್ಕರು. “ಚೊಲೋ ಆತು, ಬಾಡಿಗಿ ಇಸ್ಕಂಡಿಲ್ಲ.”

“ಕಾರಿನ ಕೆಲಸ ಎಲ್ಲಿ ಕಲತ್ರಿ ಅಮ್ಮಾರ?”

“ನಂಗ ಕಾರ್ ಎಲ್ಲಿ ಗೊತ್ತೈತಿ? ಗಾಳಿ ಗೊತ್ತೈತಿ ಅಷ್ಟ.”

ಸಂಜೆ ನನ್ನ ಗೆಳೆಯ ಅಷ್ಟುದ್ದ ಹೊಸ ಪೈಪು ಹಾಕಿದ. ದಾರದ ಕಥೆ ಕೇಳಿ ಸ್ಪ್ಯಾನರ್ ಕೆಳಗಿಟ್ಟು, “ಅವರ ಕಾಲಿಗೆ ಬೀಳಬೇಕಪಾ” ಎಂದ. ಸೋಮವಾರ ಬೆಳಿಗ್ಗೆ ಲಾಡ್ಜಿನ ಮುಂದೆ ನನ್ನ ಕಾರು ನಿಂತಿತ್ತು. ಆ ಕೆಲಸ ಇಂದಿಗೂ ನನ್ನದೇ.

ಎರಡು ವರ್ಷದ ಹಿಂದೆ, ಸುಗ್ಗಿಯ ಹೊತ್ತಿಗೆ ಅಮ್ಮಾರು ತೀರಿಕೊಂಡರು. ನಾನು ಹೋದಾಗ ಅವರನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಕೈಯಲ್ಲಿ ಹಸಿರು ಬಳೆಗಳಿದ್ದವು, ದಾರ ಇರಲಿಲ್ಲ. ಅಂದು ಕೆಲಸ ನಿಲ್ಲಿಸಿದ್ದ ಮಿಲ್ಲಿಗೆ ನಾನು ಹೋಗಿ, ಚೀಲ ಹೊಲಿಯುವ ಉಂಡೆಯಿಂದ ಒಂದು ಗೇಣು ಕತ್ತರಿಸಿ ತಂದೆ. ಯಜಮಾನರು ಅದನ್ನು ನೋಡಿದರು. ನನ್ನ ಕೈಯಿಂದ ಇಸಿದುಕೊಂಡು, ತಾವೇ ಬಳೆಗಳ ನಡುವೆ ಸಿಕ್ಕಿಸಿದರು.

ಈಗ ನನಗೆ ಮೂರು ಕಾರು, ಇಬ್ಬರು ಡ್ರೈವರು, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಎರಡು ಕೋಣೆಯ ಸ್ವಂತ ಮನೆ. ಮೂರು ಕಾರಿನಲ್ಲೂ ಒಂದೊಂದು ಗೇಣು ಬಿಳಿ ದಾರ.