ಮೊದಲ ಗಂಟೆಗೇ ಸಾಯುವ ಫೋನು

ಉಪ್ಪಿನಬೆಟಗೇರಿಯಿಂದ ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಮದುವೆಯಾಗಿ ಬಂದಾಗ ಹನುಮವ್ವನಿಗೆ ರೊಟ್ಟಿ ಬಡಿಯುವುದೊಂದೇ ಬರುತ್ತಿತ್ತು. ಗಂಡ ಗುರುಶಿದ್ದಪ್ಪನಿಗೆ ಎಲ್ಲವೂ ಬರುತ್ತಿತ್ತು. ಹಾಗೆಂದು ಅವನೇ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷ ರೊಟ್ಟಿ ಮನೆ ನಡೆಸಿತು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿತು. ಗಂಡನ ವಿದ್ಯೆಯಿಂದ ಒಂದು ಹಂಚೂ ಕಾಯಲಿಲ್ಲ.

ರೊಟ್ಟಿಯ ಆರ್ಡರು ಬರುವುದು ಮನೆಯ ಹಳೆಯ ನಂಬರಿಗೆ. ಅಡುಗೆ ಗುತ್ತಿಗೆಯವರಿಗೆಲ್ಲ ಅದು ಬಾಯಿಪಾಠ. ಕಂಬದ ತಂತಿ ಹೋಗಿ ಇಂಟರ್ನೆಟ್ ಬಂದ ಮೇಲೂ ಆಕೆ ನಂಬರು ಬಿಡಲಿಲ್ಲ. ರೂಟರಿನ ಪಕ್ಕ ಒಂದು ಸಣ್ಣ ಡಬ್ಬಿ ಹಾಕಿಸಿಕೊಂಡಳು. ಹಳೆಯ ಫೋನಿನ ವೈರು ಡಬ್ಬಿಗೆ, ಡಬ್ಬಿಯ ವೈರು ರೂಟರಿಗೆ.

ಈ ಸಲ ದಸರೆ ಮುಗಿದದ್ದೇ ಫೋನು ಕೆಟ್ಟಿತು. ಇಲ್ಲಿಂದ ಕರೆ ಹಚ್ಚಿದರೆ ಸರಿಯಾಗಿ ಹೋಗುತ್ತಿತ್ತು. ಹೊರಗಿನಿಂದ ಬಂದದ್ದು ಮಾತ್ರ ಅರ್ಧ ‘ಟ್ರಿಣ್’ ಅಂದು ಸಾಯುತ್ತಿತ್ತು. ಲಗ್ನದ ಆರ್ಡರು ಕೇಳಲು ಹನುಮವ್ವ ತಾನೇ ಬೀರಲಿಂಗನಿಗೆ ಹಚ್ಚಿದಳು. ಅವನು ದೊಡ್ಡ ಅಡುಗೆ ಗುತ್ತಿಗೆಯವನು, ಬಾಯಿಯೂ ದೊಡ್ಡದು.

“ಮೂರ ಸಲ ಹಚ್ಚೇನಬೇ, ಮೂರೂ ಸಲ ಕಟ್ ಮಾಡಿದಿ. ಅಷ್ಟ ದೊಡ್ಡಾಕಿ ಆಗಿಯೇನು?”

“ಫೋನ್ ಕೆಟ್ಟೈತೋ ಯಪ್ಪಾ. ನಮ್ಮ ಮನಿಯವರ ಮೊಬೈಲಿಗೆ ಹಚ್ಚು.”

“ಲಗ್ನದ ದಿನ ರೊಟ್ಟಿ ಸಾಲದಿದ್ರ ಅವಂಗ ಹಚ್ಚಲೇನು? ಅವನ ಮಾತ ಮುಗಿಯೂದ್ರಾಗ ಪಂಕ್ತಿ ಎದ್ದ ಹೋಗಿರತೈತಿ! ಸಂಜಿ ಆರಕ್ಕ ನಿನ್ನ ನಂಬರಿಗೇ ಹಚ್ತೇನಿ. ಎತ್ತಿದಿ, ಎರಡ ಸಾವಿರ ರೊಟ್ಟಿ ನಿಂದು. ಇಲ್ಲಂದ್ರ ಬ್ಯಾರೇದವರಿಗೆ.”

ಗುರುಶಿದ್ದಪ್ಪ ಕೂಡಲೇ ದುರಸ್ತಿಗಿಳಿದ. ರೂಟರನ್ನು ಆರಿಸಿ ಹಚ್ಚಿದ, ಮತ್ತೆ ಆರಿಸಿದ. ಮೂಡಣಕ್ಕೆ ಮುಖ ಮಾಡಿಸಿದ.

“ಸಿಗ್ನಲ್ ಬರವಲ್ಲದು. ಕಂಪನಿಯವರ ಮೋಸ ಇದು” ಎಂದು ತೀರ್ಪು ಕೊಟ್ಟು ಚಹಾ ಕೇಳಿದ.

ಹನುಮವ್ವ ಚಹಾ ಕೊಡಲಿಲ್ಲ, ಓಣಿಯ ಇಂಟರ್ನೆಟ್ ಅಂಗಡಿಗೆ ಫೋನು ಹಚ್ಚಿದಳು. ಐದಕ್ಕೆ ಅಂಗಡಿಯ ಗುಲ್ನಾಜ ಬಂದಳು. ಆ ಹುಡುಗಿ ಮೊದಲು ಏನನ್ನೂ ಮುಟ್ಟಲಿಲ್ಲ. ತನ್ನ ಮೊಬೈಲಿನಿಂದ ಮನೆಯ ನಂಬರಿಗೆ ಹಚ್ಚಿ ಡಬ್ಬಿಯನ್ನೇ ನೋಡುತ್ತ ನಿಂತಳು. ಗಂಟೆ ಹೊಡೆಯಿತೋ ಇಲ್ಲವೋ, ಡಬ್ಬಿಯ ದೀಪಗಳೆಲ್ಲ ಆರಿದವು. ಆಮೇಲೆ ಒಂದೊಂದಾಗಿ ಹತ್ತಿದವು.

“ಗಂಟಿ ಹೊಡಿಯಾಕ ಇದಕ್ಕ ಕರೆಂಟ್ ಸಾಲವಲ್ದು. ಯಾರರ ಬಿಚ್ಚಿದ್ರೇನ್ರೀ ಅಕ್ಕಾರ?”

“ನಾನ ಬಿಚ್ಚೇನಿ” ಎಂದು ಗುರುಶಿದ್ದಪ್ಪ ಎದೆಯುಬ್ಬಿಸಿದ. “ದಸರಿ ಖಂಡೇಪೂಜಿಗೆ ಎಲ್ಲಾ ಬಿಚ್ಚಿ, ಒರಸಿ, ಕುಡಗೋಲಿನ ಜೋಡಿ ಇಟ್ಟ ಪೂಜಿ ಮಾಡೇನಿ. ಹೆಂಗಿತ್ತೋ ಹಂಗ ಜೋಡಿಸೇನಿ.”

ಗುಲ್ನಾಜ ಡಬ್ಬಿಯದು, ರೂಟರಿನದು ಎರಡೂ ಚಾರ್ಜರುಗಳನ್ನು ಕಿತ್ತು ನೋಡಿದಳು. ಎರಡೂ ಕಪ್ಪು, ಎರಡರ ಪಿನ್ನೂ ಒಂದೇ ಅಳತೆ. ಯಾವುದು ಎಷ್ಟು ಕರೆಂಟ್ ಕೊಡುತ್ತದೆಂದು ಬರೆದ ಜಾಗವನ್ನೇ ಆರಿಸಿ ಯಜಮಾನ ಮೂರು ಬೆರಳು ವಿಭೂತಿ ಎಳೆದಿದ್ದ. ಆಕೆ ಓಢಣಿಯ ತುದಿಯಿಂದ ಅದನ್ನು ಒರೆಸಿದಳು. ರೂಟರಿನ ಸಣ್ಣ ಚಾರ್ಜರು ಡಬ್ಬಿಗೆ ಬಂದಿತ್ತು, ಡಬ್ಬಿಯ ದೊಡ್ಡದು ರೂಟರಿಗೆ ಹೋಗಿತ್ತು. ಅದಲು ಬದಲು ಮಾಡಿ ಮತ್ತೆ ನಂಬರು ಒತ್ತಿದಳು. ಫೋನು ಓಣಿಗೆಲ್ಲ ಕೇಳುವಂತೆ ಬಡಿದುಕೊಂಡಿತು.

“ಕರೆಂಟಿಂದು ಅಂತ ನಾ ಮದ್ಲ ಹೇಳಿದ್ನೆಲ್ಲಾ!”

“ನೀವು ಸಿಗ್ನಲ್ ಅಂದಿದ್ರಿ” ಎಂದಳು ಹನುಮವ್ವ.

“ಸಿಗ್ನಲ್ ಅಂದ್ರೂ ಕರೆಂಟ ಬೇ. ನಿನಗ ತಿಳಿಯೂದಿಲ್ಲ.”

ಆರಕ್ಕೆ ಸರಿಯಾಗಿ ಗಂಟೆಯಾಯಿತು. ಗುರುಶಿದ್ದಪ್ಪ ಕೈ ಚಾಚಿದ. ಹನುಮವ್ವ ಹಿಟ್ಟಿನ ಕೈಯಿಂದಲೇ ಅವನನ್ನು ಸರಿಸಿ ಫೋನೆತ್ತಿದಳು.

“ಹೇಳೋ ಬೀರಲಿಂಗಾ.”

“ಎತ್ತಿದೇನಬೇ! ಎರಡ ಸಾವಿರ, ಐತವಾರ ಮುಂಜಾನೆ ಎಂಟಕ್ಕ. ಅರ್ಧಾ ಕಡಕ್, ಅರ್ಧಾ ಮೆತ್ತಗಿನವು.”

“ಆತು.” ಅದಕ್ಕಿಂತ ಹೆಚ್ಚು ಮಾತು ಆಕೆಗೆ ಬೇಕಾಗಿರಲಿಲ್ಲ. ಫೋನಿಟ್ಟು, ಜೋಳದ ಚೀಲವನ್ನು ಗಂಡನ ಕಾಲ ಬುಡಕ್ಕೆ ಎಳೆದಳು.

“ಗಿರಣಿಗೆ ಹೋಗಿ ಬೀಸಿಸಿಕೊಂಡ ಬರ್ರಿ. ಅಲ್ಲೇನೂ ಬಿಚ್ಚಬ್ಯಾಡ್ರಿ.”