ಕಾಕುವಿನ ಮೊದಲನೆಯ ನರ

ನರಮಂಡಲವನ್ನು ಓದುತ್ತಿರುವವರ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂರಬಾರದು. ಮಾತಿನ ನಡುವೆ ಮೊಣಕಾಲ ಚಿಪ್ಪಿನ ಕೆಳಗೆ ಟಕ್ಕೆಂದು ಒಂದು ಏಟು ಬೀಳುತ್ತದೆ, ಕಾಲು ಯಜಮಾನರ ಅಪ್ಪಣೆ ಕೇಳದೆ ಮುಂದಕ್ಕೆ ಚಿಮ್ಮುತ್ತದೆ, ಹೊಡೆದವರ ಮುಖದಲ್ಲಿ ಸಾಕ್ಷಾತ್ಕಾರದ ಕಳೆ ಮೂಡುತ್ತದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಿದ್ದ ನಾನು ಹೀಗೆ ಹೊಡೆಯದೆ ಬಿಟ್ಟ ಮೊಣಕಾಲು ನಮ್ಮ ಬಂಧುಬಳಗದಲ್ಲಿ ಇರಲಿಕ್ಕಿಲ್ಲ. ನರಜನ್ಮ ದುರ್ಲಭವೆಂದು ಹಿರಿಯರು ಹೇಳಿದ್ದನ್ನು ಕೇಳಿದ್ದೆ. ನರಗಳ ಜನ್ಮವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುವುದು ಅದಕ್ಕಿಂತ ದುರ್ಲಭವೆಂದು ಯಾರೂ ಹೇಳಿರಲಿಲ್ಲ.

ನಾನು ಓದುತ್ತಿದ್ದುದು ಗೆಳತಿ ನಸೀಮಾಳ ಮನೆಯ ಅಟ್ಟದಲ್ಲಿ. ವಡಗಾವಿಯ ಇಕ್ಕಟ್ಟಾದ ಓಣಿಯ ಆ ಮನೆಯ ಕೆಳಗೆ ಅವಳ ಅಣ್ಣಂದಿರ ವಿದ್ಯುತ್ ಮಗ್ಗಗಳು ದಿನವಿಡೀ ಖಟಖಟಿಸುತ್ತಿದ್ದವು. ಮೊದಮೊದಲು ತಲೆ ಒಡೆದು ಹೋಗುವುದೆನ್ನಿಸಿತು. ಕೆಲವು ದಿನಗಳಲ್ಲಿ ಆ ಸದ್ದು ನನಗೆ ಕೇಳಿಸುವುದೇ ನಿಂತುಹೋಯಿತು. ಕರೆಂಟು ಹೋಗಿ ಮಗ್ಗ ನಿಂತಾಗಲೇ ನಾವಿಬ್ಬರೂ ಬೆಚ್ಚಿ ಪುಸ್ತಕದಿಂದ ತಲೆ ಎತ್ತುತ್ತಿದ್ದೆವು. ಬದಲಾಗದೆ ಉಳಿದದ್ದನ್ನು ನರಗಳು ಮೇಲಿನವರಿಗೆ ವರದಿ ಮಾಡುವುದನ್ನೇ ಬಿಟ್ಟುಬಿಡುತ್ತವೆ ಎಂಬ ಪಾಠ ನನಗೆ ಅರ್ಥವಾದದ್ದು ಹಾಗೆ.

ಮಿದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೋಡಿ. ಮೊದಲನೆಯದು ಘ್ರಾಣದ ನರ, ಎಂದರೆ ವಾಸನೆಯದು. ನೋಟ, ಸ್ಪರ್ಶ, ನೋವು ಎಲ್ಲವೂ ಮಿದುಳಿನ ನಡುವಿನ ಥಲಾಮಸ್ ಎಂಬ ಹೆಡ್ಡಾಫೀಸಿನಲ್ಲಿ ಠಸ್ಸೆ ಹೊಡೆಸಿಕೊಂಡೇ ಮೇಲೆ ಹೋಗಬೇಕು. ವಾಸನೆಗೆ ಮಾತ್ರ ಆ ಕಟ್ಟಳೆಯಿಲ್ಲ, ಅದು ಹಿತ್ತಲ ಬಾಗಿಲಿನಿಂದ ನೇರ ನೆನಪಿನ ಕೋಣೆಗೇ ನುಗ್ಗುತ್ತದೆ. ಈ ಸಲುಗೆ ನನಗೆ ಬಹಳ ಹಿಡಿಸಿತು. ಆದರೆ ರೋಗಿಯನ್ನು ಪರೀಕ್ಷಿಸುವಾಗ ಎಲ್ಲರೂ ಈ ನರವನ್ನು ಹಾರಿಸಿ ಎರಡನೆಯದರಿಂದ ಶುರು ಮಾಡುತ್ತಾರೆಂದು ನಮ್ಮ ಮೇಡಂ ಬೇಸರಪಡುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರವಾದಾಗ ನಾನು ಹಾರಿಸದೆ ಕಲಿಯುವುದೆಂದು ನಿಶ್ಚಯಿಸಿ, ಖಾಲಿಯಾದ ಔಷಧದ ಚಿಕ್ಕ ಬಾಟಲಿಗಳನ್ನು ತೊಳೆದು ಒಣಗಿಸಿ ಚೀಲಕ್ಕೆ ಹಾಕಿಕೊಂಡು, ಭಾನುವಾರ ರೈಲು ಹತ್ತಿ ಖಾನಾಪುರಕ್ಕೆ ಹೋದೆ.

ಅಪ್ಪನಿಗೆ ಊರೂರು ವರ್ಗವಾಗುತ್ತಿದ್ದುದರಿಂದ ನಾನು ಬೆಳೆದದ್ದು ಖಾನಾಪುರದಲ್ಲಿ, ಅಪ್ಪನ ತಮ್ಮ ಕಾಕಾ ಮತ್ತು ಅವರ ಹೆಂಡತಿ ಕಾಕು ಇವರ ಮನೆಯಲ್ಲಿ. ಕಾಕಾ ಶಾಲಾ ಮಾಸ್ತರರು, ಮಿತಭಾಷಿ. ಕಾಕು ಊರಿಗೇ ಹೆಸರಾದ ಅಡುಗೆಯವಳು. ಯಾರ ಮನೆಯಲ್ಲಿ ಲಗ್ನವಿದ್ದರೂ ಒಲೆಯ ಮುಂದೆ ಅವಳಿಗೊಂದು ಮಣೆ ಕಾದಿರುತ್ತಿತ್ತು. ಅವಳಲ್ಲಿ ಎರಡು ಕೊರತೆಗಳನ್ನು ಮಾತ್ರ ಜನ ಎತ್ತಿ ಆಡುತ್ತಿದ್ದರು. ಒಂದು, ಹೊಗಳಿಸಿಕೊಳ್ಳುವ ಚಪಲ: ಒಗ್ಗರಣೆ ಹಾಕಿದೊಡನೆ ಹತ್ತಿರವಿದ್ದವರನ್ನು ಕರೆದು ಘಮ ಹೇಗಿದೆ ಎಂದು ಕೇಳುತ್ತಿದ್ದಳು. ಇನ್ನೊಂದು, ಹಟ: ಕಾಕಾ ವರ್ಷಗಟ್ಟಲೆ ಕಾದು ಪಡೆದ ಗ್ಯಾಸಿನ ಒಲೆಯನ್ನು ಅವಳು ಮುಟ್ಟಲೇ ಇಲ್ಲ. ಸಿಲಿಂಡರು ಅಡುಗೆಮನೆಯ ಮೂಲೆಯಲ್ಲಿ ಹಳೆಯ ಧೋತರ ಹೊದ್ದು ಕೂತಿತ್ತು. ಕಾಕು ಮಾತ್ರ ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದಳು. ಈ ಸಲ ನಾನು ಹೋಗುವ ಹೊತ್ತಿಗೆ ಇಬ್ಬರೂ ಆ ವಿಷಯಕ್ಕೆ ಮಾತು ಬಿಟ್ಟಿದ್ದರು. ಸಿಲಿಂಡರನ್ನು ಹಿಂದಿರುಗಿಸುವುದಾಗಿ ಕಾಕಾ ಹೇಳಿದ್ದರಂತೆ. ಹಿಂದಿರುಗಿಸಿರೆಂದು ಕಾಕು ಅಂದಿದ್ದಳಂತೆ.

ಕಾಕಾ ಹೊರಗೆ ಹೋಗಿದ್ದಾಗ ಕಾಕುವನ್ನು ಕೂರಿಸಿ ಕಣ್ಣು ಮುಚ್ಚಿಸಿದೆ. ಅವಳ ಡಬ್ಬಿಗಳನ್ನೇ ಒಂದೊಂದಾಗಿ ತೆರೆದು ಸ್ವಲ್ಪ ಸ್ವಲ್ಪ ಬಾಟಲಿಗೆ ಹಾಕಿಕೊಂಡು, ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ, ಇನ್ನೊಂದಕ್ಕೆ ಬಾಟಲಿ ಹಿಡಿದೆ. ಲವಂಗ ಎಂದಳು; ಲವಂಗವೇ. ಕಾಫಿ ಪುಡಿ ಎಂದಳು, ಅದೂ ಸರಿ. ನಮ್ಮ ಕಾಕುವಿನ ಘ್ರಾಣೇಂದ್ರಿಯಕ್ಕೆ ಪೂರ್ಣಾಂಕ ಕೊಟ್ಟು ಹಿಗ್ಗಿದೆ. ರೋಗಿ ಊಹಿಸಿ ಹೇಳುತ್ತಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಕೊನೆಯಲ್ಲಿ ಖಾಲಿ ಬಾಟಲಿ ಹಿಡಿಯಬೇಕೆಂದು ಮೇಡಂ ಹೇಳಿದ್ದರು. ಹಿಡಿದೆ. ಕಾಕು ನೀಳವಾಗಿ ಉಸಿರೆಳೆದು, ಬಲು ವಿಶ್ವಾಸದಿಂದ, ಏಲಕ್ಕಿ ಎಂದಳು.

ನಕ್ಕು, ಮತ್ತೆ ಅದೇ ಬಾಟಲಿ ಹಿಡಿದೆ. ಜೀರಿಗೆ ಎಂದಳು. ನನ್ನ ನಗು ನಿಂತಿತು. ಮೊದಲೆರಡನ್ನು ಅವಳು ಗುರುತಿಸಿದ್ದು, ನಾನು ಅವಳದೇ ಡಬ್ಬಿಗಳನ್ನು ತೆರೆದ ಸದ್ದಿನಿಂದ ಎಂದು ಆಗ ಹೊಳೆಯಿತು. ಅವಳು ಕಣ್ಣು ಬಿಟ್ಟಳು. ನನ್ನ ಕೈಯಲ್ಲಿದ್ದ ಬಾಟಲಿಯ ತಳ ನೋಡಿದಳು.

"ಇದರಾಗ ಏನೂ ಇಲ್ಲ ಹೌದಲ್ಲ, ಶೈಲಾ?" ಎಂದಳು. ನಾನು ತಲೆಯಾಡಿಸಿದೆ. ಅವಳು ಎದ್ದು ಹೋಗಿ ಹಿಂಬಾಗಿಲು ಮುಂದಕ್ಕೆ ಹಾಕಿ ಬಂದು ಹೇಳಿದಳು: ಹಿಂದೊಮ್ಮೆ ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಹಿಂದಲೆ ಬಡಿದಿತ್ತು. ಬಾವು ಇಳಿಯಿತು, ನೋವು ಹೋಯಿತು. ಆಮೇಲೊಂದು ಮುಂಜಾನೆ ಪಕ್ಕದ ಮನೆಯವಳು ಹಾಲು ಸೀದು ಹೋಗಿದೆಯೆಂದು ಓಡಿ ಬಂದಾಗ, ಆ ಹಾಲಿನ ಎದುರೇ ಕೂತಿದ್ದ ಕಾಕುವಿಗೆ ತನ್ನಲ್ಲಿ ಏನು ಹೋಗಿದೆ ಎಂದು ತಿಳಿಯಿತು.

ಮೂಗಿನ ಮಾಳಿಗೆಯಲ್ಲಿ ಜರಡಿಯಂಥದೊಂದು ಎಲುಬಿದೆ. ಅದರ ಸಣ್ಣ ತೂತುಗಳೊಳಗಿಂದ ವಾಸನೆಯ ನರದ ಎಳೆಗಳು ಮೇಲೇರುತ್ತವೆ. ತಲೆಗೆ ಬಲವಾದ ಪೆಟ್ಟು ಬಿದ್ದರೆ ಆ ಎಳೆಗಳು ಹರಿದುಹೋಗಬಹುದು. ಇಷ್ಟನ್ನು ನಾನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಬಲ್ಲವಳಾಗಿದ್ದೆ. ಮೆಣಸಿನ ಘಾಟು, ಈರುಳ್ಳಿಯ ಉರಿ ಬೇರೆಯೇ ಒಂದು ನರದ ಬಾಬತ್ತು, ಆದ್ದರಿಂದ ಅವಳು ಎಲ್ಲರಂತೆ ಕೆಮ್ಮುತ್ತಿದ್ದಳು, ಕಣ್ಣೀರಿಡುತ್ತಿದ್ದಳು, ಯಾರಿಗೂ ಅನುಮಾನ ಬರಲಿಲ್ಲ ಎಂಬುದೂ ಅರ್ಥವಾಯಿತು. ಸಾಸಿವೆಯ ಚಟಪಟ, ಈರುಳ್ಳಿಯ ಬಣ್ಣ, ನಾಲಿಗೆಗೆ ತಿಳಿಯುವ ಉಪ್ಪು ಹುಳಿ ಖಾರ, ಉಳಿದದ್ದಕ್ಕೆ ಇನ್ನೊಬ್ಬರ ಮೂಗು: ಹೀಗೆ ಅವಳು ಊರಿನ ಲಗ್ನಗಳನ್ನು ನಿಭಾಯಿಸಿದ್ದಳು. ಹೊಗಳಿಕೆಯ ಚಪಲವೆಂದು ನಾವು ನಕ್ಕ ಆ ಪ್ರಶ್ನೆ ನಿಜವಾದ ವಿಚಾರಣೆಯಾಗಿತ್ತು. ಮೂಲೆಯ ಸಿಲಿಂಡರಿನ ಕಡೆ ನಾನು ನೋಡಿದ್ದನ್ನು ಅವಳೂ ನೋಡಿದಳು.

"ಅದು ಸೋರಿದ್ರ ವಾಸನಿ ಬರತೈತಿ, ಕಿಡಕಿ ತೆಗೀರಿ ಅಂತ ಗ್ಯಾಸ್ ತಂದ ಮನಷಾ ಹೇಳಿ ಹೋದ. ನನಗ ಹೆಂಗ ಗೊತ್ತಾಗಬೇಕವಾ? ಮನ್ಯಾಗ ಎಲ್ಲಾರೂ ಇರ್ತೀರಿ."

ಘ್ರಾಣಕ್ಕೂ ಪ್ರಾಣಕ್ಕೂ ಒಂದೇ ಅಕ್ಷರದ ಅಂತರವೆಂದು ಪಾಠದ ನಡುವೆ ನಸೀಮಾಳಿಗೆ ಚಟಾಕಿ ಹಾರಿಸಿದ್ದೆ. ಆ ಅಂತರದಲ್ಲಿ ಒಬ್ಬಳೇ ನಿಂತು ಮನೆಯವರನ್ನೆಲ್ಲ ಕಾಯುತ್ತಿದ್ದವಳನ್ನು ನಾವು ಹಟಮಾರಿ ಎಂದಿದ್ದೆವು. ಕಾಕಾನಿಗೆ ಹೇಳಬಾರದೇ ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಮೂಗ ಹೋದಾಕಿ ಕೈ ಅಡಗಿ ಯಾರ ಉಣ್ತಾರ? ನಾಳೆಯಿಂದ ನನ್ನ ಯಾರೂ ಕರಿಯಂಗಿಲ್ಲ. ನೀ ಹೇಳಬ್ಯಾಡ."

ಹೇಳುವುದಿಲ್ಲವೆಂದೆ, ಆದರೆ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕೆಂದು ನಾನೂ ಹಿಡಿದ ಪಟ್ಟು ಬಿಡಲಿಲ್ಲ. ಸೀರೆ ಕೊಳ್ಳುವ ನೆವ ಹೇಳಿ ಕಾಕು ಬೆಳಗಾವಿಗೆ ಬಂದಳು. ಡಾಕ್ಟರು ತಾಳ್ಮೆಯಿಂದ ನೋಡಿ, ಇಷ್ಟು ಕಾಲವಾದ ಮೇಲೆ ಅದು ಮರಳುವ ಆಸೆ ಇಟ್ಟುಕೊಳ್ಳಬೇಡಿರೆಂದರು. ನಾನು ಅತ್ತೆ, ಅವಳು ಅಳಲಿಲ್ಲ. ಶಹಾಪುರದ ಅಂಗಡಿಯೊಂದಕ್ಕೆ ಕರೆದೊಯ್ದು ನಿಜವಾಗಿಯೂ ಒಂದು ಸೀರೆ ಆರಿಸಿದಳು. ಹೊಸ ಸೀರೆಯ ಮಡಿಕೆಯನ್ನು ಹಳೆಯ ರೂಢಿಯಂತೆ ಮೂಗಿಗೆ ಹಿಡಿದು, ತಡೆದು, ಕೆಳಗಿಟ್ಟಳು. ರೈಲು ನಿಲ್ದಾಣದ ದಾರಿಯಲ್ಲಿ ತಾನಾಗಿಯೇ, ಮನೆಗೆ ಹೋಗಿ ಅವರಿಗೆ ಹೇಳುತ್ತೇನೆ, ಸುಳ್ಳು ಹೇಳಿ ಬಂದು ಸಾಕಾಯಿತು ಎಂದಳು.

ಅಂದು ನಾನು ಜೊತೆಗೇ ಹೋದೆ. ಕಾಕು ಬಾಗಿಲ ಬಳಿ ನಿಂತೇ ಎಲ್ಲವನ್ನೂ ಹೇಳಿದಳು. ಕಾಕಾ ಕನ್ನಡಕ ತೆಗೆದಿಟ್ಟರು. ನಾನು ನಿನಗೆ ಏನೇನೆಲ್ಲ ಅಂದೆ ಎಂದು ಶುರು ಮಾಡಿ ಮುಂದೆ ಹೋಗಲಾರದೆ, ಎದ್ದು, ಮೂಲೆಯ ಸಿಲಿಂಡರಿನ ಧೋತರ ತೆಗೆದು ಮಡಚಿಟ್ಟರು.

"ಇದನ್ನ ಚಾಲೂ ಮಾಡೂದು, ಬಂದ್ ಮಾಡೂದು ನಂದು. ವಾಸನಿ ನೋಡೂದೂ ನಂದು. ನೀ ಅಡಗಿ ಅಷ್ಟ ಮಾಡು," ಎಂದರು.

ಪರೀಕ್ಷೆಯಲ್ಲಿ ನನಗೆ ಬಂದದ್ದು ಬೆನ್ನುಹುರಿಯಲ್ಲಿ ನೋವು ಹಾಯುವ ದಾರಿ. ವಾಸನೆಯನ್ನು ಯಾರೂ ಕೇಳಲಿಲ್ಲ. ಹೇಗೋ ಪಾಸಾದೆ. ಲಗ್ನಗಳಿಗೆ ಕಾಕುವನ್ನು ಕರೆಯುವುದೂ ನಿಲ್ಲಲಿಲ್ಲ. ಒಲೆಯ ಮುಂದೆ ಎರಡನೆಯದೊಂದು ಮಣೆ ಬಿತ್ತು, ಅಷ್ಟೇ. ಅದರ ಮೇಲೆ ಕಾಕಾ.

ಮುಂದಿನ ರಜೆಯಲ್ಲಿ ಹೋದಾಗ, ಅಲ್ಲಿಯವರೆಗೆ ಊಟ ಚೆನ್ನಾಗಿದೆ ಎಂದು ಕೂಡ ಹೇಳದಿದ್ದ ಮಾಸ್ತರರು ಅಡುಗೆಮನೆಯಲ್ಲಿ ನಿಂತು ಸಾರಿನ ಹಬೆಗೆ ಮುಖವೊಡ್ಡಿ ವ್ಯಾಖ್ಯಾನ ಮಾಡುತ್ತಿದ್ದರು. ಕೊತ್ತಂಬರಿ ಮುಂದೆ ಬಂದಿದೆ, ಬೆಲ್ಲ ಹಿಂದೆ ಉಳಿದಿದೆ, ಇಂಗು ಮಾತ್ರ ಜಾಸ್ತಿಯಾಯಿತು ಎಂದರು. ಕಾಕು ಇಂಗು ಹಾಕಿಯೇ ಇಲ್ಲವೆಂದಳು. ತಮ್ಮ ಮೂಗು ಸುಳ್ಳು ಹೇಳದೆಂದು ಅವರು, ತನ್ನ ಕೈ ಮರೆಯದೆಂದು ಅವಳು. ಕೊನೆಗೆ ಇಬ್ಬರೂ ವಿದ್ಯಾವಂತೆಯಾದ ನನ್ನತ್ತ ತಿರುಗಿದರು. ನಾನು ಪಾತ್ರೆಯ ಮೇಲೆ ಬಾಗಿ ಶಕ್ತಿಮೀರಿ ಉಸಿರೆಳೆದೆ. ರೈಲಿನ ಕಿಟಕಿಯ ತಂಗಾಳಿಗೆ ಹಿಡಿದ ನೆಗಡಿ, ಏನೂ ತಿಳಿಯಲಿಲ್ಲ.

ಕಾಕು ಸೌಟಿನಿಂದ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. "ಇಂಗು ಇರ್ಲಿ ಬಿಡ್ರಿ," ಎಂದಳು, "ಉಪ್ಪು ಕಡಿಮಿ ಐತಿ."