ಸುದ್ದಿ ಇಲ್ದ ತೊರಗಲ್‌ಗೆ ಹೋದ ದಿನ

ಇವತ್ತ ಮುಂಜಾನೆ ನಮ್ಮೂರ ವಾಟ್ಸಾಪ್ ಗುಂಪಿನ್ಯಾಗ ದೊಡ್ಡ ಮನಿ ಹಿರೀಕರೊಬ್ಬರ ಸಾವಿನ ಸುದ್ದಿ ಬಂತು. ಓದಿದ ಕೂಡ್ಲೇ ನನ್ನ ಮೂಗಿಗೆ ಅಪ್ಪನ ಹಸಿ ಕಂಬಳಿ ವಾಸನಿ ಬಡೀತು.

ಆಗೆಲ್ಲಾ ನಮ್ಮೂರು ಸುರೇಬಾನದ ದೊಡ್ಡ ಮನಿಗಳಾಗ ಯಾರ ಸತ್ರೂ, ಬೀಗರ ಊರಿಗೆ ನಡಕೊಂತ ಹೋಗಿ ಸುದ್ದಿ ಮುಟ್ಟಿಸೋದು ನಮ್ಮ ಮನಿತನದ ಪಾಲಿಗೆ ಬಂದ ಕೆಲಸ. ಮಳಿ ಬರಲಿ, ಬಿಸಲಿರಲಿ, ಇಲ್ಲಾ ಅನ್ನೂ ಹಂಗಿಲ್ಲ. ಅಂಗಳದಾಗ ನಿಂತು ಹೇಳಿ, ಒಳಗಿನ ಅಳು ಕೇಳಿ, ಅಪ್ಪ ಹೊದ್ದ ಕಂಬಳಿ ತೊಯ್ಸಿಕೊಂಡು ಬರ್ತಿದ್ದ.

ಮುಂದ ಊರಿಗೆ ಬಸ್ ಬಂತು. ಅಪ್ಪಗ ರಾಮದುರ್ಗದ ಹತ್ತಿ ಮಿಲ್ಲಿನ್ಯಾಗ ಕೆಲಸಾ ಸಿಕ್ತು.

"ಇನ್ನ ಸುದ್ದಿ ಯಾರ ಒಯ್ಬೇಕಲೇ?" ಅಂತ ದೊಡ್ಡ ಮನಿ ಹಿರ್ಯಾರು ನಮ್ಮ ಮನಿಗೆ ಬಂದು ಗದರಿದ್ರು.

"ಬಸ್ ಐತೆಲ್ರಿ, ನಿಮ್ಮ ಮಕ್ಕಳನ್ನ ಕಳಸ್ರಿ," ಅಂದ ಅಪ್ಪ. ಅವ್ವ ಬಾಗಲ ಹಿಂದ ನಿಂತು ಕೇಳಾಕ ಹತ್ತಿದ್ಲು. ಅವರು ಗೊಣಗಿಕೊಂತ ಎದ್ದು ಹೋದ್ರು.

ಮಿಲ್ಲಿನ ಮೊದಲ ಸೂಟಿಗೆ ಅಪ್ಪ ನನ್ನ ತೊರಗಲ್ ಗುಡ್ಡದ ಕ್ವಾಟಿ ಬುರುಜು ತೋರಸಾಕ ಕರಕೊಂಡು ಹೋದ. ಕಟ್ಟಿ ಮ್ಯಾಲ ಕುಂತಿದ್ದ ಅಜ್ಜಿಯೊಬ್ಬಾಕಿ, ಮಗಳನ್ನ ನಮ್ಮೂರಿಗೆ ಕೊಟ್ಟಾಕಿ, ಅವನ ಮುಖಾ ನೋಡಿದ್ದ ತಡ, "ಅಯ್ಯೋ, ನನ್ನ ಮಗಳು ಹೋದ್ಲೇನೋ ಯಪ್ಪಾ!" ಅಂತ ಎದಿ ಬಡಕೊಂಡು ಅಳಾಕ ಹತ್ತಿದ್ಲು.

"ಯವ್ವಾ, ಯಾರೂ ಸತ್ತಿಲ್ರಿ! ನನ್ನ ಮಗಳಿಗೆ ಕ್ವಾಟಿ ತೋರಸಾಕ ಬಂದೇನಿ!"

"ಮೊದಲ ಒದರಬಾರದೇನೋ, ನನ್ನ ಜೀವಾನ ಹೋಗಿತ್ತು," ಅಂತ ಬೈದು, ಕಣ್ಣೊರಸಿಕೊಂತ ಅಜ್ಜಿ ನಗಾಕ ಹತ್ತಿದ್ಲು.

ಅವತ್ತಿಂದ ಅಪ್ಪ ಯಾವ ಊರಿಗೆ ಕಾಲಿಟ್ರೂ ದೂರಿಂದನ ಕೂಗ್ತಿದ್ದ: "ಎಲ್ಲಾರೂ ಆರಾಮ ಅದಾರ್ರಿ!"

ಗುಂಪಿಗೆ ಕೈ ಮುಗಿಯೋ ಚಿತ್ರ ಹಾಕಿ, ಬೈಲಹೊಂಗಲದಾಗಿರೋ ಮಗಳಿಗೆ ಫೋನ್ ಹಚ್ಚಿದೆ. ಇಷ್ಟ ನಸುಕಿನ್ಯಾಗ ಯಾಕ ಅಂತ ಆಕಿ ಗಾಬರಿಯಾಗೂಕಿಂತ ಮೊದಲ ಒದರಿದೆ: "ಎಲ್ಲಾರೂ ಆರಾಮ ಅದಾರ!"